ಕೌದಿ ಬಳಗದ ಹಿಮದ ಪ್ರವಾಸ: ಶಿರಸಿಯ ಅಕ್ಕನಿಗೆ ಉತ್ತರ

ಅಕ್ಕಾ, ಹನ್ನೆರಡು ಜನ ಕೌದಿ ಹೊಲಿಯುವವರು ಮಾರ್ಚ್‌ನಲ್ಲಿ ಮನಾಲಿಗೆ ಹೋಗ್ತೀವಿ, ಹಿಮ ಸಿಗುತ್ತಾ, ದಾರಿಯಲ್ಲಿ ಹೊಲಿಯಬಹುದಾ ಅಂತ ಕೇಳಿದ್ದೀರಿ. ನಾವು ಕಾರವಾರದಿಂದ ಆರು ಜನ ಹೋಗಿದ್ದೆವು.

ಮನಾಲಿಯ ಮೇಲಿರುವ ಎತ್ತರದ ಘಟ್ಟದ ದಾರಿ ರೋಹ್ತಾಂಗ್‌ನ ಆಸೆ ಬಿಡಿ, ಮಾರ್ಚ್‌ನಲ್ಲಿ ಆ ದಾರಿ ಮುಚ್ಚಿರುತ್ತದೆ. ಬೆಟ್ಟದಡಿಯ ಅಟಲ್ ಸುರಂಗ ದಾಟಿ ಆಚೆಯ ಸಿಸ್ಸು ಹಳ್ಳಿಗೆ ಹೋಗಿ. 2020ರಲ್ಲಿ ಓಡಾಟಕ್ಕೆ ತೆರೆದ ಸುರಂಗ, 9 ಕಿ.ಮೀ. ಉದ್ದ. ಆಚೆ ಬಾಯಿಂದ ಹೊರಬಿದ್ದ ಕೂಡಲೇ ಕಣ್ಣು ಕೋರೈಸುವಷ್ಟು ಬಿಳಿ! ಜೋರು ಹಿಮ ಬಿದ್ದರೆ ಸುರಂಗವನ್ನೂ ಮುಚ್ಚುತ್ತಾರೆ, ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಗಾಡಿಯಲ್ಲಿ ಹೊಲಿಯಬೇಡಿ. ದೇವಿಮನೆ ಘಟ್ಟದಲ್ಲೇ ತಲೆ ತಿರುಗುವವರು ನಿಮ್ಮಲ್ಲೂ ಇರ್ತಾರಲ್ವಾ? ರಾತ್ರಿ ಕೋಣೆಯಲ್ಲಿ ಕೂತು ಹೊಲಿಯಿರಿ. ಚಳಿಗೆ ಬೆರಳು ಮರಗಟ್ಟಿ ನನಗೆ ಸೂಜಿಗೆ ದಾರ ಪೋಣಿಸೋಕೇ ಆಗಲಿಲ್ಲ. ಹತ್ತು ಸೂಜಿಗೆ ಮನೆಯಲ್ಲೇ ದಾರ ಹಾಕಿ ಬಟ್ಟೆಗೆ ಚುಚ್ಚಿಟ್ಟುಕೊಳ್ಳಿ. ದೊಡ್ಡ ಕೌದಿ ಬೇಡ, ಎರಡಡಿ ತುಂಡು ಸಾಕು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಹಾಗೆ ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬನ್ನಿ. ಚೌಕಟ್ಟು ಬೇಕಿಲ್ಲ, ಮಡಿಲಲ್ಲೇ ಆಗುತ್ತದೆ.

ಮನಾಲಿ ದಾರಿಯಲ್ಲಿ ಸಿಗುವ ಕುಲ್ಲುವಿನಲ್ಲಿ ಅರ್ಧ ದಿನ ಇಳಿಯಲೇಬೇಕು. ಅಲ್ಲಿನ ಉಣ್ಣೆ ಶಾಲಿನ ಅಂಚಿನ ಬಣ್ಣದ ಪಟ್ಟಿಯನ್ನು ಮಗ್ಗದಲ್ಲಿ ಎಳೆ ಎಣಿಸಿ ನೇಯುವುದನ್ನು ನೋಡುತ್ತಾ ನಾನು ಊಟ ಮರೆತೆ. ಆದರೆ ಆ ಉಣ್ಣೆಯನ್ನು ಹಳೇ ಸೀರೆಯ ಕೌದಿಗೆ ಹಾಗೇ ಸೇರಿಸಬೇಡಿ. ಒಗೆದಾಗ ಉಣ್ಣೆ ಕುಗ್ಗಿ ಸುತ್ತಲಿನ ಹತ್ತಿಯನ್ನು ಎಳೆಯುತ್ತದೆ. ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ. ನನ್ನ ಕೌದಿಯ ಒಂದು ಮೂಲೆ ಇವತ್ತಿಗೂ ಸೊಟ್ಟಗೇ ಇದೆ.