ನನ್ನ ತಮ್ಮ ಅಕ್ಷರ ಸರಿಯಾಗಿ ಓದುತ್ತಾನೆ, ಆದರೂ ಗಡ್ಡೆ ಕಣ್ಣಿನ ನರ ಒತ್ತುತ್ತಿದೆ ಅಂತಾರೆ. ಹೋದ ದೃಷ್ಟಿ ವಾಪಸ್ ಬರುತ್ತಾ?

ನಿಮ್ಮ ತಮ್ಮನಿಗೆ ಇರುವಂಥದ್ದೇ ಪಿಟ್ಯುಟರಿ (ಮೆದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿ) ಗಡ್ಡೆ ನನಗೂ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ. ಚಾರ್ಟ್ ಓದಿಸುವುದು ನಡುನೋಟದ ಪರೀಕ್ಷೆ ಅಷ್ಟೇ. ನಾನೂ 6/6, ಅಂದರೆ ಸರಿಯಾದ ಕಣ್ಣಿನವರಂತೆಯೇ, ಓದುತ್ತಿದ್ದೆ. ಆದರೆ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು, ಪಕ್ಕದಿಂದ ಬಂದವರು ನೆಲದಿಂದ ಎದ್ದು ಬಂದಂತೆ ಎದುರಾಗುತ್ತಿದ್ದರು.

ಎರಡೂ ಕಣ್ಣಿನ ನರಗಳು ಪಿಟ್ಯುಟರಿ ಗ್ರಂಥಿಯ ತುಸು ಮೇಲೆ ಕೂಡುತ್ತವೆ. ಹೊರಬದಿಯ ನೋಟವನ್ನು ಒಯ್ಯುವ ಎಳೆಗಳು ಅಲ್ಲಿ ಒಂದನ್ನೊಂದು ದಾಟಿ ಆಚೆ ಬದಿಗೆ ಹೋಗುತ್ತವೆ. ಗಡ್ಡೆ ಕೆಳಗಿನಿಂದ ಒತ್ತಿದಾಗ ಸಾಮಾನ್ಯವಾಗಿ ಮೊದಲು ಹೋಗುವುದು ಮೇಲಿನ ಹೊರಮೂಲೆ. ಅಲ್ಲಿ ಕಪ್ಪಗೇನೂ ಕಾಣುವುದಿಲ್ಲ, ಆ ಜಾಗವೇ ಇಲ್ಲದಂತಾಗುತ್ತದೆ. ಹಾಗಾಗಿ ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ.

ತಮ್ಮನಿಗೆ ಪೆರಿಮೆಟ್ರಿ (ಸುತ್ತಲಿನ ನೋಟದ ಪರೀಕ್ಷೆ) ಮಾಡಿಸಿದ್ದೀರಾ? ಬೋಗುಣಿಯಂಥ ಯಂತ್ರಕ್ಕೆ ಗಲ್ಲ ಆನಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತಾ, ಬೆಳಕು ಮಿನುಗಿದಾಗೆಲ್ಲ ಬಟನ್ ಒತ್ತಬೇಕು. ಸುಮಾರು ಹೊತ್ತು ಏನೂ ಮಿನುಗದೆ ನನಗೆ ಯಂತ್ರವೇ ಕೆಟ್ಟಿದೆ ಅನ್ನಿಸಿತ್ತು. ಪ್ರಿಂಟ್ ಬಂದಾಗ ಎಡಗಣ್ಣಿನ ಎಡಭಾಗ, ಬಲಗಣ್ಣಿನ ಬಲಭಾಗ ಕಪ್ಪು.

ಆಪರೇಷನ್‌ಗೆ ಮುಂಚೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನಿನ ರಕ್ತಪರೀಕ್ಷೆಯ ವರದಿ ಕೇಳಿ. ಗಡ್ಡೆ ಆ ಹಾರ್ಮೋನ್ ಸುರಿಸುವ ಜಾತಿಯದಾದರೆ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುವ ಸಾಧ್ಯತೆ ಹೆಚ್ಚು. ನನ್ನದು ಆ ಜಾತಿಯಲ್ಲ, ಮೂಗಿನ ಮೂಲಕ ತೆಗೆದರು.

ವಾಪಸ್ ಬರುತ್ತಾ ಅಂದರೆ, ನರದ ಎಳೆಗಳು ಎಷ್ಟು ಉಳಿದಿವೆ ಅನ್ನುವುದರ ಮೇಲೆ ಹೋಗುತ್ತದೆ. ಓಸಿಟಿ ಸ್ಕ್ಯಾನ್‌ನಲ್ಲಿ (ಕಣ್ಣಿನ ಹಿಂಭಾಗದ ಪದರಗಳನ್ನು ಅಳೆಯುವ ಸ್ಕ್ಯಾನ್) ಆ ಎಳೆಗಳ ಪದರ ತೆಳುವಾಗಿಲ್ಲದಿದ್ದರೆ ಆಸೆ ಚೆನ್ನಾಗಿದೆ. ತೆಳುವಾಗಿಬಿಟ್ಟಿದ್ದರೆ ಸ್ವಲ್ಪ ಬರಬಹುದು, ಪೂರ್ತಿ ಬರುವುದು ಕಷ್ಟ. ಸುಧಾರಣೆ ಕೆಲವರಿಗೆ ಕೆಲವೇ ದಿನಗಳಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ನನ್ನ ಬಲಗಣ್ಣು ಪೂರ್ತಿ ಸರಿಹೋಯಿತು, ಎಡಗಣ್ಣಿನ ಮೇಲಿನ ಮೂಲೆ ಬರಲೇ ಇಲ್ಲ. ಅದಕ್ಕೇ ಹೇಳುವುದು, ಓದಲು ಬರುತ್ತದಲ್ಲ ಎಂದು ಚಿಕಿತ್ಸೆ ಮುಂದೂಡಬೇಡಿ.

ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ವಾಂತಿ, ನೋಟ ಮಸುಕಾಗುವುದು, ರೆಪ್ಪೆ ಇಳಿಬೀಳುವುದು ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಎಮರ್ಜೆನ್ಸಿಗೆ ಕರೆದೊಯ್ಯಿರಿ, ಗಡ್ಡೆಯೊಳಗೆ ರಕ್ತಸ್ರಾವ ಆಗಿರಬಹುದು. ಪೆರಿಮೆಟ್ರಿ ನೋಡಿ ಡಾಕ್ಟರ್ ಹೂಂ ಅನ್ನುವವರೆಗೆ ಅವನ ಕೈಗೆ ಗಾಡಿ ಕೊಡಬೇಡಿ.