ಓದುಗರ ಪ್ರಶ್ನೆ: ವಿಯೆಟ್ನಾಂ ಹೋಟೆಲಿನಲ್ಲಿ ಊಟಕ್ಕೆ ಕೂತಾಗ

ಪ್ರಶ್ನೆ: ರಜೆಗೆ ಮನೆಮಂದಿ ಆರು ಜನ ಹೋ ಚಿ ಮಿನ್ ಸಿಟಿಗೆ ಹೊರಟಿದ್ದೇವೆ. ಅತ್ತೆ, ಮಾವ ಮೊಟ್ಟೆಯನ್ನೂ ಮುಟ್ಟುವವರಲ್ಲ. ‘ಮಾಂಸ ಹಾಕಬೇಡಿ’ ಅಂದರೆ ಸಾಕೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಾಲದು. ಹಾಗೆ ಹೇಳಿದರೆ ಬಟ್ಟಲಿಗೆ ಮಾಂಸದ ತುಂಡು ಬೀಳುವುದಿಲ್ಲ, ಅಷ್ಟೇ; ಸಾರು ಅದೇ. ‘ಫೋ’ ಎಂಬ ಅಕ್ಕಿ ಶಾವಿಗೆಯ ಸಾರನ್ನು ದನದ ಅಥವಾ ಕೋಳಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಇಳಿಸುತ್ತಾರೆ. ಚಕ್ಕೆ, ಅನಾನಸ್ ಹೂವಿನ ಘಮ ನಮ್ಮ ಪಲಾವಿನದೇ ಆದ್ದರಿಂದ ಮೂಗನ್ನು ನಂಬುವಂತಿಲ್ಲ. ಇನ್ನೊಂದು, ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿದ ರಸ, ‘ನುವೊಕ್ ಮಾಮ್’. ನಾವು ಉಪ್ಪು ಹಾಕುವ ಕಡೆ ಅವರು ಅದನ್ನು ಹಾಕುತ್ತಾರೆ. ಬರೀ ಸೊಪ್ಪು ಹುರಿದದ್ದರಲ್ಲೂ, ಟೊಮೆಟೊ ಗೊಜ್ಜಿನ ತೋಫುವಿನಲ್ಲೂ (ಸೋಯಾ ಪನೀರ್) ಇರಬಹುದು.

ಆದ್ದರಿಂದ ಸಾಮಾನ್ಯ ಹೋಟೆಲಿನಲ್ಲಿ ಅದು ಬೇಡ, ಇದು ಬೇಡ ಎನ್ನುವ ಬದಲು ‘ಚೈ’ ಹೋಟೆಲಿಗೇ ಹೋಗಿ. ಫಲಕದಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಹುಡುಕಿ. ಮೊಬೈಲ್ ನಕ್ಷೆಯಲ್ಲೂ ಅದನ್ನೇ ಟೈಪ್ ಮಾಡಿ. ಇದು ಬೌದ್ಧರ ಸಸ್ಯಾಹಾರ. ಕಟ್ಟುನಿಟ್ಟಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮೊಟ್ಟೆಯ ವಿಷಯ ಮಾತ್ರ ಕೇಳಿಯೇ ಖಚಿತ ಮಾಡಿಕೊಳ್ಳಿ. ಹುಣ್ಣಿಮೆ ಮತ್ತು ಚಾಂದ್ರಮಾಸದ ಮೊದಲ ದಿನ ಅನೇಕರು ಮಾಂಸ ಬಿಡುವುದರಿಂದ ಅಂದು ಚೈ ಊಟ ಇನ್ನೂ ಸುಲಭವಾಗಿ ಸಿಗುತ್ತದೆ. ‘ತೊಯ್ ಅನ್ ಚೈ’ (ನಾನು ಸಸ್ಯಾಹಾರಿ) ಎಂದು ಬಾಯಲ್ಲಿ ಹೇಳುವುದಕ್ಕಿಂತ ಮೊಬೈಲಿನಲ್ಲಿ ಬರೆದು ತೋರಿಸಿ. ಅದು ಸ್ವರದ ಏರಿಳಿತಕ್ಕೆ ಅರ್ಥ ಬದಲಾಗುವ ಭಾಷೆ.

ಅತ್ತೆಯವರಿಗೆ ಒಂದು ಮಾತು ಮೊದಲೇ ಹೇಳಿಡಿ: ಅಲ್ಲಿ ಸೋಯಾ, ಗೋಧಿಯ ಅಂಟಿನಿಂದ ಸೀಗಡಿ, ಹಂದಿಮಾಂಸದ ಆಕಾರದ ತುಂಡು ಮಾಡಿ ಬಡಿಸುತ್ತಾರೆ. ನೋಡಿದರೆ ಎದ್ದು ಹೋಗುವ ಹಾಗಿರುತ್ತದೆ.

ಪದಾರ್ಥಗಳನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವುದು ರೂಢಿ. ಆರು ಜನಕ್ಕೆ ನಾಲ್ಕು ಪದಾರ್ಥ, ಬಿಳಿ ಅನ್ನ ಹೇಳಿ ನೋಡಿ, ಸಾಲದಿದ್ದರೆ ಮತ್ತೆ ತರಿಸಿ. ಮೊಸರನ್ನದ ಆಸೆ ಬೇಡ, ಅಲ್ಲಿನ ಕಪ್ ಮೊಸರು ಬಹುತೇಕ ಸಿಹಿ. ಚಟ್ನಿಪುಡಿ ಒಂದು ಡಬ್ಬಿ ಚೆಕ್‌ಇನ್ ಲಗೇಜಿನಲ್ಲಿರಲಿ.

ಪ್ರಶ್ನೆ: ದೋಸೆಯಂಥದ್ದು ಸಿಗುತ್ತದಂತೆ, ನಿಜವೇ? ಮಗಳಿಗೆ ಕಡಲೆಕಾಯಿ ಅಲರ್ಜಿ. ಅಕ್ಕಿ ಹಾಳೆಯಲ್ಲಿ ಸುತ್ತಿಕೊಂಡು ತಿನ್ನುವುದೂ ನಮಗೆ ಬರದು.
– ಓದುಗರು, ಮಂಡ್ಯ

ಉತ್ತರ: ‘ಬಾನ್ ಸೆಯೋ’ ನೋಡಲು ನಮ್ಮ ದೋಸೆಯೇ. ಹಳದಿ ಬಣ್ಣ ಅರಿಶಿನದ್ದು, ಮೊಟ್ಟೆಯದಲ್ಲ. ಅಕ್ಕಿಹಿಟ್ಟಿಗೆ ತೆಂಗಿನ ಹಾಲೂ ಸೇರಿರುತ್ತದೆ. ಒಳಗೆ ಸಾಮಾನ್ಯವಾಗಿ ಹಂದಿಮಾಂಸ, ಸೀಗಡಿ. ಸಸ್ಯಾಹಾರಿಗಳು ಚೈ ಹೋಟೆಲಿನಲ್ಲೇ ತಿನ್ನಲಿ.

ಕಡಲೆಕಾಯಿ ನಿಜಕ್ಕೂ ತೊಂದರೆಯ ವಿಷಯ. ಕುಟ್ಟಿದ ಬೀಜವನ್ನು ಸಲಾಡ್, ಶಾವಿಗೆಯ ಮೇಲೆ ಉದುರಿಸುತ್ತಾರೆ, ಅದ್ದಿಕೊಳ್ಳುವ ಸಾಸ್‌ನಲ್ಲೂ ಅರೆದಿರುತ್ತದೆ. ಕಡಲೆಕಾಯಿಯನ್ನು ದಕ್ಷಿಣದಲ್ಲಿ ‘ದೌ ಫೊಂಗ್’, ಉತ್ತರದಲ್ಲಿ ‘ಲಾಕ್’ ಎನ್ನುತ್ತಾರೆ. ಎಚ್ಚರಿಕೆಯ ಚೀಟಿಯಲ್ಲಿ ಎರಡೂ ಇರಲಿ. ‘ಮೇಲೆ ಉದುರಿಸಬೇಡಿ’ ಅಂದರಷ್ಟೇ ಸಾಲದು, ಸಾಸ್ ಮತ್ತು ಎಣ್ಣೆಯ ಬಗ್ಗೆಯೂ ಕೇಳಿ. ವೈದ್ಯರು ಬರೆದ ಔಷಧಿ ಕೈಚೀಲದಲ್ಲೇ ಇರಲಿ, ಹೋಟೆಲ್ ರೂಮಿನಲ್ಲಲ್ಲ.

ಅಕ್ಕಿ ಹಾಳೆ ಹರಿಯುವುದು ನೆನೆ ಜಾಸ್ತಿಯಾಗಿ. ನೀರಿಗೆ ಅದ್ದಿ ಎರಡು ಮೂರು ಸೆಕೆಂಡಿಗೇ ತೆಗೆಯಿರಿ. ಇನ್ನೂ ಗಟ್ಟಿಯಾಗಿದ್ದರೂ ಸರಿ, ತಟ್ಟೆಯ ಮೇಲೆ ತಾನೇ ಮೆದುವಾಗುತ್ತದೆ. ನಿಮ್ಮ ಕಡೆಯ ಅಂಚಿನ ಹತ್ತಿರ ಒಂದು ಹಿಡಿ ಸೊಪ್ಪು, ಶಾವಿಗೆ ಇಟ್ಟು, ಒಂದು ಸುತ್ತು ಮಡಚಿ, ಎರಡೂ ಬದಿ ಒಳಗೆ ತಿರುಗಿಸಿ, ಬಿಗಿಯಾಗಿ ಸುತ್ತಿ. ಹಸಿ ಮೊಳಕೆಕಾಳು ಮಕ್ಕಳಿಗೆ ಬೇಡವೆನಿಸಿದರೆ ಬಿಸಿನೀರಲ್ಲಿ ಅದ್ದಿಕೊಡಲು ಹೇಳಿ, ಬೇಸರಿಸುವುದಿಲ್ಲ.

ಪ್ರಶ್ನೆ: ಬಿಲ್ಲಿನಲ್ಲಿ ಮೋಸ ಹೋಗದಿರುವುದು ಹೇಗೆ?
– ಓದುಗರು, ಮದ್ದೂರು

ಉತ್ತರ: ಮೆನುವಿನಲ್ಲಿ ‘50ಕೆ’ ಅಂದರೆ 50,000 ಡಾಂಗ್. ಕೇಳದೆ ಮೇಜಿಗೆ ಬಂದ ಒದ್ದೆ ಟವೆಲ್, ಕಡಲೆಕಾಯಿ ಪೊಟ್ಟಣಕ್ಕೆ ದುಡ್ಡು ಹಾಕಬಹುದು. ಬೇಡದಿದ್ದರೆ ಮುಟ್ಟದೆ ಪಕ್ಕಕ್ಕಿಡಿ. ಟಿಪ್ಸ್ ಕಡ್ಡಾಯವಲ್ಲ. 20,000ದ ನೋಟೂ 500,000ದ ನೋಟೂ ನೀಲಿ ಬಣ್ಣದವು, ಮಬ್ಬು ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ದೊಡ್ಡ ನೋಟನ್ನು ಪರ್ಸಿನ ಬೇರೆ ಅರೆಯಲ್ಲಿಡಿ, ಕೊಡುವ ಮೊದಲು ಸೊನ್ನೆ ಎಣಿಸಿ.