ಬರ್ಫದ ನೀರಿಗೆ ಇಳಿಯುವ ಮುನ್ನ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಮಾಸ್ತರನಾಗಿದ್ದೇನೆ, ವಯಸ್ಸು 51. ನಾಲ್ಕು ವರ್ಷಗಳಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬರ್ಫ ಹಾಕಿದ ನೀರಿನಲ್ಲಿ ಕುಳಿತರೆ ಮನಸ್ಸು ಹಗುರಾಗುತ್ತದೆ, ರೋಗ ಹತ್ತಿರ ಸುಳಿಯುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿ, ಮಾಳಿಗೆಯ ಮೇಲೆ ದೊಡ್ಡ ಡ್ರಮ್ ತಂದಿಟ್ಟಿದ್ದೇನೆ. ಮನೆಯವರು ಬೇಡವೆನ್ನುತ್ತಾರೆ. ಇಳಿಯಬಹುದೇ?
— ಓದುಗರು, ವಿಜಯಪುರ

ಉತ್ತರ: ಮಾಸ್ತರರೇ, ಸದ್ಯಕ್ಕೆ ಡ್ರಮ್ಮಿಗೆ ಇಳಿಯಬೇಡಿ, ಮನೆಯವರ ಮಾತು ಸರಿಯಾಗಿದೆ. ಬಿ.ಪಿ. ಇರುವ ಇನ್ನೂ ಹಲವರು ಇದನ್ನೇ ಬರೆದು ಕೇಳಿರುವುದರಿಂದ ಕಾರಣವನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಮೊದಲಿಗೆ, ತಣ್ಣೀರು ಎಂದರೆ ಎಷ್ಟು ತಣ್ಣಗೆ ಎಂಬುದು ತಿಳಿದಿರಬೇಕು. ಯುರೋಪಿನ ಪ್ರಯೋಗಗಳಲ್ಲಿ ಜನರನ್ನು ಮುಳುಗಿಸಿದ ನೀರು ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಸೆಲ್ಸಿಯಸ್‌ನದು. ಆಳದ ನೀರು ಆ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವಾಗಿರುತ್ತದೆಯಾದ್ದರಿಂದ ನಮ್ಮ ಕಡೆಯ ಬೋರ್‌ವೆಲ್ ನೀರು ಸುಮಾರು 26 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಡಿಸೆಂಬರಿನ ನಸುಕಿನಲ್ಲಿ ಮಾಳಿಗೆಯ ಟಾಕಿಯ ನೀರು ಅದಕ್ಕಿಂತ ಕೆಲವು ಡಿಗ್ರಿ ಇಳಿಯುತ್ತದೆ, ಅಷ್ಟೇ. ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಅಥವಾ ಬನದ ಹುಣ್ಣಿಮೆಗೆ ಸವದತ್ತಿಯ ಎಣ್ಣೆಹೊಂಡದಲ್ಲಿ ಮುಳುಗಿ ಎದ್ದವರು ತಮಗೆ ತಣ್ಣೀರು ರೂಢಿಯಿದೆ ಎಂದುಕೊಳ್ಳುವುದು ಸಹಜವಾದರೂ, ಬರ್ಫದ ನೀರಿನ ಮಾತೇ ಬೇರೆ. 100 ಲೀಟರ್ ನೀರನ್ನು 26 ಡಿಗ್ರಿಯಿಂದ 15ಕ್ಕೆ ಇಳಿಸಲು ಸುಮಾರು 12 ಕಿಲೋ ಬರ್ಫ ಬೇಕು, 10ಕ್ಕೆ ಇಳಿಸಲು ಸುಮಾರು 18 ಕಿಲೋ. ಕಣ್ಣಂದಾಜಿನಲ್ಲಿ ಸುರಿದವರಿಗೆ ತಾವು ಯಾವ ನೀರಿಗೆ ಇಳಿಯುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ.

ಚಳಿಗಾಲದಲ್ಲಿ ಮೊದಲ ತಂಬಿಗೆ ನೀರು ಬೆನ್ನ ಮೇಲೆ ಬಿದ್ದಾಗ ನಾವು ‘ಹಾ’ ಎಂದು ಉಸಿರು ಒಳಗೆಳೆದುಕೊಳ್ಳುತ್ತೇವಲ್ಲ, ಅಪಾಯದ ಬೇರು ಇರುವುದು ಅಲ್ಲಿಯೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖವಾಹಕ. ಚರ್ಮ ಒಮ್ಮೆಲೇ ತಣ್ಣಗಾದಾಗ ಉಸಿರು ನಮ್ಮ ಹಿಡಿತ ತಪ್ಪಿ ಏರುತ್ತದೆ, ನಾಡಿ ಓಡುತ್ತದೆ, ಚರ್ಮದ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡ ಜಿಗಿಯುತ್ತದೆ. ಸುಮಾರು 25 ಡಿಗ್ರಿಗಿಂತ ಕೆಳಗೇ ಆರಂಭವಾಗುವ ಈ ಆಘಾತ 10ರಿಂದ 15 ಡಿಗ್ರಿಯ ನೀರಿನಲ್ಲಿ ತನ್ನ ತುದಿ ಮುಟ್ಟುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಅತಿ ಹೆಚ್ಚಾಗಿದ್ದು, ಎರಡು ಮೂರು ನಿಮಿಷಗಳಲ್ಲಿ ತಗ್ಗುತ್ತದೆ. ಅಂದರೆ ‘ಎರಡೇ ನಿಮಿಷ ಕುಳಿತು ಏಳುತ್ತೇನೆ’ ಎನ್ನುವವರು ಹೃದಯಕ್ಕೆ ಅತ್ಯಂತ ಕಷ್ಟದ ಎರಡು ನಿಮಿಷಗಳನ್ನೇ ಆರಿಸಿಕೊಂಡಿರುತ್ತಾರೆ. ಮುಖವನ್ನೂ ನೀರಿನಲ್ಲಿ ಮುಳುಗಿಸಿದರೆ ನಾಡಿಯನ್ನು ನಿಧಾನಿಸುವ ಇನ್ನೊಂದು ಸೂಚನೆ ಅದೇ ಹೃದಯಕ್ಕೆ ತಲುಪಿ, ಬಡಿತದ ಲಯ ಕೆಡುವ ಸಂಭವ ಹೆಚ್ಚುತ್ತದೆ. ಮಾತ್ರೆಯಿಂದ ನಿಮ್ಮ ಬಿ.ಪಿ. ಹತೋಟಿಯಲ್ಲಿದ್ದರೂ ಈ ಹಠಾತ್ ಏರಿಕೆಯನ್ನು ಅದು ತಡೆಯುತ್ತದೆಂಬ ಖಾತ್ರಿಯಿಲ್ಲ.

ಇನ್ನು ಲಾಭದ ಮಾತು. ಲಾಭವೇ ಇಲ್ಲವೆಂದು ನಾನು ಹೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 3018 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಸಿನೀರಿನ ಸ್ನಾನದ ಕೊನೆಗೆ 30, 60 ಅಥವಾ 90 ಸೆಕೆಂಡು ತಣ್ಣೀರಿನ ಶವರ್ ಕೆಳಗೆ ನಿಂತವರು ಕಾಯಿಲೆಯ ಹೆಸರಿನಲ್ಲಿ ಕೆಲಸಕ್ಕೆ ಹಾಕಿದ ರಜೆ ಶೇ 29ರಷ್ಟು ಕಡಿಮೆಯಾಯಿತು. ಆದರೆ ಅವರು ಕಾಯಿಲೆ ಬಿದ್ದ ದಿನಗಳು ಕಡಿಮೆಯಾಗಲಿಲ್ಲ; ಮೈ ಸರಿಯಿಲ್ಲದಿದ್ದರೂ ಎದ್ದು ಹೋಗುವ ಹುರುಪು ಬಂದಿತೆಂದು ಅರ್ಥೈಸಬಹುದೇ ಹೊರತು ‘ರೋಗ ಸುಳಿಯುವುದಿಲ್ಲ’ ಎಂದಲ್ಲ. ಮುಖ್ಯವಾದ ಸಂಗತಿಯೆಂದರೆ 30 ಸೆಕೆಂಡಿನವರಿಗೂ 90 ಸೆಕೆಂಡಿನವರಿಗೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಣ್ಣೀರಿನಿಂದ ಡೋಪಮೈನ್ (ಹುರುಪಿಗೆ ಸಂಬಂಧಿಸಿದ, ದೇಹದಲ್ಲೇ ಹುಟ್ಟುವ ರಾಸಾಯನಿಕ) ಶೇ 250ರಷ್ಟು ಏರುತ್ತದೆ ಎಂದು ವಿಡಿಯೋಗಳಲ್ಲಿ ಹೇಳುವ ಅಂಕಿ 2000ನೇ ಇಸವಿಯ ಒಂದು ಸಣ್ಣ ಅಧ್ಯಯನದ್ದು. ಅದರಲ್ಲಿ ತರುಣರನ್ನು 14 ಡಿಗ್ರಿಯ ನೀರಿನಲ್ಲಿ ಕುತ್ತಿಗೆಯವರೆಗೆ ಪೂರ್ತಿ ಒಂದು ಗಂಟೆ ಕೂರಿಸಲಾಗಿತ್ತು. ಆ ಅಂಕಿಯನ್ನು ಬಿ.ಪಿ. ಇರುವ 51ರ ವಯಸ್ಸಿನವರ ಎರಡು ನಿಮಿಷಕ್ಕೆ ಅಂಟಿಸುವುದು ಅನ್ಯಾಯ. 2025ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮುಳುಗಿ ಎದ್ದ 12 ಗಂಟೆಗಳ ನಂತರ ಮಾನಸಿಕ ಒತ್ತಡ ತುಸು ಇಳಿದದ್ದು ಕಂಡಿತು, ಮನಃಸ್ಥಿತಿಯಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವ ಓದುಗರು ತಣ್ಣೀರನ್ನು ನಂಬಿ ಅದನ್ನು ನಿಲ್ಲಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಾಗಾದರೆ ನೀವೇನು ಮಾಡಬಹುದು? ಬಿ.ಪಿ. ನೋಡುವ ವೈದ್ಯರಿಗೆ ವಿಷಯ ತಿಳಿಸಿ, ಇ.ಸಿ.ಜಿ. ಮಾಡಿಸಿ. ಅವರು ಒಪ್ಪಿದರೆ ಡ್ರಮ್ ಬಿಟ್ಟು ಬಚ್ಚಲಮನೆಯಲ್ಲಿಯೇ, ದಿನದ ಬಿಸಿನೀರಿನ ಸ್ನಾನದ ಕೊನೆಗೆ ಬರ್ಫವಿಲ್ಲದ ಟಾಕಿಯ ನೀರನ್ನು ಅರ್ಧ ನಿಮಿಷದ ಮಟ್ಟಿಗೆ ಹಾಕಿಕೊಳ್ಳಿ: ಮೊದಲು ಪಾದ, ಆಮೇಲೆ ಮೊಣಕಾಲು, ತೋಳು, ಕೊನೆಗೆ ಹೆಗಲು. ಉಸಿರು ಬಿಗಿಹಿಡಿಯದೆ ಉದ್ದಕ್ಕೆ ಹೊರಬಿಡುತ್ತಿರಿ. ಐದಾರು ಸಲ ಹೀಗೆ ಮಾಡುವಷ್ಟರಲ್ಲಿ ಆ ‘ಹಾ’ ಎನ್ನುವುದು ಎಷ್ಟೋ ಕಡಿಮೆಯಾಗುವುದನ್ನು ನೀವೇ ಗಮನಿಸುವಿರಿ. ಬಚ್ಚಲಿನ ಚಿಲಕ ಹಾಕಬೇಡಿ, ಮನೆಯಲ್ಲಿ ಯಾರಾದರೂ ಇರಲಿ, ಎದೆ ಬಿಗಿದರೆ ಅಥವಾ ತಲೆ ತಿರುಗಿದರೆ ಕೂಡಲೇ ನಿಲ್ಲಿಸಿ. ಹೃದಯಾಘಾತವಾದವರು, ನಾಡಿಯ ಲಯ ತಪ್ಪುವವರು, ಮೂರ್ಛೆರೋಗದವರು, ಗರ್ಭಿಣಿಯರು, ತಣ್ಣೀರು ತಾಗಿದರೆ ಮೈಮೇಲೆ ಪಿತ್ತಗಂಧೆ ಏಳುವವರು ಹಾಗೂ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ವೈದ್ಯರನ್ನು ಕೇಳದೆ ಇಷ್ಟನ್ನೂ ಮಾಡಬಾರದು.

ಪ್ರಶ್ನೆ: ನನಗೆ 20 ವರ್ಷ, ಕುಸ್ತಿ ಆಡುತ್ತೇನೆ. ತಾಲೀಮು ಮುಗಿದ ಮೇಲೆ ದಿನಾಲೂ ಬರ್ಫದ ನೀರಿನಲ್ಲಿ ಕುಳಿತರೆ ಮೈ ಬೇಗ ಗಟ್ಟಿಯಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಓದುಗರು, ಮುಧೋಳ

ಉತ್ತರ: ತಮ್ಮಾ, ದಿನಾಲೂ ಕುಳಿತರೆ ಗೆಳೆಯರು ಹೇಳಿದ್ದಕ್ಕೆ ವಿರುದ್ಧವಾಗಿ ಆಗುವ ಸಂಭವವಿದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ವಾರ ಭಾರ ಎತ್ತಿದವರ ಪೈಕಿ, ವ್ಯಾಯಾಮದ ನಂತರ 10 ಡಿಗ್ರಿಯ ನೀರಿನಲ್ಲಿ 10 ನಿಮಿಷ ಕುಳಿತವರ ಸ್ನಾಯು ಮತ್ತು ಶಕ್ತಿ, ಹಗುರಾಗಿ ಸೈಕಲ್ ತುಳಿದು ದಣಿವಾರಿಸಿಕೊಂಡವರಿಗಿಂತ ಕಡಿಮೆ ಬೆಳೆಯಿತು. ಬೈಠಕ್, ದಂಡ ಹೊಡೆದ ಮೇಲೆ ಸ್ನಾಯುವಿನಲ್ಲಿ ನಡೆಯುವ ದುರಸ್ತಿಯೇ ಅದನ್ನು ದಪ್ಪಗೊಳಿಸುತ್ತದೆ. ತಣ್ಣೀರು ಆ ದುರಸ್ತಿಯನ್ನೇ ಮಂದಗೊಳಿಸುತ್ತದೆ. ಆದರೆ ಮರುದಿನದ ಮೈಕೈ ನೋವನ್ನು ಅದು ತಗ್ಗಿಸುವುದೂ ನಿಜ. ಆದ್ದರಿಂದ ಮೈ ಕಟ್ಟುವ ತಿಂಗಳುಗಳಲ್ಲಿ ಬೇಡ. ಜಾತ್ರೆಗಳ ಕಾಲದಲ್ಲಿ ಇಂದು ಒಂದು ಕಣ, ನಾಳೆ ಇನ್ನೊಂದು ಎಂದು ಆಡಬೇಕಾದಾಗ 15 ಡಿಗ್ರಿಯ ನೀರಿನಲ್ಲಿ ಸೊಂಟದವರೆಗೆ, ಹತ್ತು ನಿಮಿಷ ಮೀರದಂತೆ, ವಸ್ತಾದರು ಜೊತೆಗಿದ್ದಾಗ ಕುಳಿತುಕೊಳ್ಳಬಹುದು. ಎದ್ದ ಮೇಲೂ ಒಳಮೈ ಕೆಲ ಹೊತ್ತು ತಣ್ಣಗಾಗುತ್ತಲೇ ಇರುವುದರಿಂದ ಕೂಡಲೇ ಮೈ ಒರೆಸಿ ಬಟ್ಟೆ ಹೊದ್ದುಕೊಳ್ಳಿ.

ನಿಮ್ಮ ತಾಲೀಮಿನಲ್ಲಿ ಬರ್ಫ ನಿಜಕ್ಕೂ ಜೀವ ಉಳಿಸುವ ಸಂದರ್ಭವೊಂದಿದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಸರತ್ತು ಮಾಡುವಾಗ ಹುಡುಗನೊಬ್ಬ ಮೈ ಕಾದು, ಮಾತು ತೊದಲಿ, ದಿಕ್ಕುತಪ್ಪಿದವನಂತೆ ಕುಸಿದರೆ ಅದು ಉಷ್ಣಾಘಾತ. 108ಕ್ಕೆ ಕರೆ ಮಾಡಿಸಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಅವನನ್ನು ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಇರಿಸಿ, ತಲೆ ಮುಳುಗದಂತೆ ಹಿಡಿದುಕೊಂಡಿರಿ. ತೊಟ್ಟಿಯಿಲ್ಲದಿದ್ದರೆ ಮೈತುಂಬ ನೀರು ಸುರಿಯುತ್ತ ಗಾಳಿ ಬೀಸಿ. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸುವುದೇ ಆಗ ಎಲ್ಲಕ್ಕಿಂತ ಮುಖ್ಯ.

ಪ್ರಶ್ನೆ: ನನ್ನ 16 ವರ್ಷದ ಮಗ ಗೆಳೆಯರೊಂದಿಗೆ ಹೊಲದ ಬಾವಿಗೆ ಹೋಗಿ, ವಿಡಿಯೋದಲ್ಲಿ ನೋಡಿದಂತೆ ಜೋರಾಗಿ ಉಸಿರಾಡಿ, ಆಮೇಲೆ ಉಸಿರು ಕಟ್ಟಿ ಮುಳುಗುತ್ತಾನೆ. ಈಜು ಚೆನ್ನಾಗಿ ಬರುತ್ತದೆ. ಹೆದರಬೇಕೇ?
— ತಾಯಿ, ಗೋಕಾಕ

ಉತ್ತರ: ತಾಯಿ, ಇದನ್ನು ಇಂದೇ ನಿಲ್ಲಿಸಿ. ಉಸಿರು ಬೇಕೆಂದು ಒಳಗಿನಿಂದ ಒತ್ತಾಯಿಸುವುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡ್. ಜೋರಾಗಿ ಉಸಿರಾಡಿದಾಗ ಅದು ಮೊದಲೇ ಹೊರಹೋಗಿರುವುದರಿಂದ ಒತ್ತಾಯ ತಡವಾಗಿ ಬರುತ್ತದೆ, ಅಷ್ಟರೊಳಗೆ ಆಮ್ಲಜನಕ ತೀರಿ, ಯಾವ ಮುನ್ಸೂಚನೆಯೂ ಇಲ್ಲದೆ ನೀರಿನಡಿಯಲ್ಲಿಯೇ ಎಚ್ಚರ ತಪ್ಪುತ್ತದೆ. ಈಜು ಬಲ್ಲವರೂ ಹೀಗೆ ಸತ್ತಿದ್ದಾರೆ, ಏಕೆಂದರೆ ಎಚ್ಚರ ತಪ್ಪಿದವನಿಗೆ ಈಜು ನೆರವಿಗೆ ಬರುವುದಿಲ್ಲ. ಅವನ ಗೆಳೆಯರ ಮನೆಗಳಿಗೂ ಹೋಗಿ, ಈ ಉತ್ತರವನ್ನು ಅವರ ತಾಯಂದಿರಿಗೆ ಓದಿ ಹೇಳಿ.